ಆರು ಕೈ ಪಾಲಿಶ್

ನಮ್ಮ ಭಾವ ಸಾಧು ಮನುಷ್ಯ ಎಂದು ಈಗ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಹೇಳಬೇಕಾಗಿದ್ದಾಗ ಒಬ್ಬರೂ ಬಾಯಿ ಬಿಡಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಾನಂತೂ ಬಾಯಿ ಬಿಡಬಾರದ ಕಡೆ ಬಿಟ್ಟೆ, ಬಿಡಬೇಕಾದ ಕಡೆ ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಲ್ಲು ಪಾಲಿಶ್ ಮಾಡುವುದು, ಸಮಾಧಿ ಕಲ್ಲಿಗೆ ಅಕ್ಷರ ಕೆತ್ತುವುದು ಅವರ ಕಸುಬು. ಹದಿನಾಲ್ಕನೇ ವಯಸ್ಸಿಗೆ ಕಲ್ಲು ಕೊಯ್ಯುವ ಶೆಡ್ಡು ಸೇರಿದವರು, ಈಗ ಎಪ್ಪತ್ತೊಂದು, ಇನ್ನೂ ಬಿಟ್ಟಿಲ್ಲ. ಯಂತ್ರದ ಸದ್ದಿಗೆ ಎಡಗಿವಿ ಪೂರ್ತಿ ಹೋಗಿದೆ. ಬಲಗೈ ಹೆಬ್ಬೆರಳಿಗೆ ಉಗುರಿಲ್ಲ. ಆ ಬೋಳು ಬೆರಳನ್ನು ಕಲ್ಲಿನ ಮೇಲೆ ಒಮ್ಮೆ ಎಳೆದರೆ ಸಾಕು, ಕಣ್ಣಿಗೆ ಕಾಣದ ಗೀರನ್ನೂ ಹಿಡಿದುಬಿಡುತ್ತಾರೆ. ಮನೆಗೆ ಬರುವಾಗ ಹುಬ್ಬು, ಕಿವಿ, ಅಂಗಿಯ ಜೇಬು ಎಲ್ಲ ಬಿಳಿ ಪುಡಿ. ಮದುವೆಯಾದ ಹೊಸದರಲ್ಲಿ ಅಕ್ಕ, "ನಿಮ್ಮನ್ನ ಒಗೆಯೋದೋ, ಒರೆಸೋದೋ?" ಎಂದು ಕೇಳಿದ್ದಳು. ಭಾವ ತುಂಬ ಹೊತ್ತು ಯೋಚಿಸಿ, "ಮೊದಲು ಒದರು" ಎಂದರಂತೆ. ಅವರು ಜೀವಮಾನದಲ್ಲಿ ಮಾಡಿದ ಹಾಸ್ಯ ಅದೊಂದೇ ಎಂದು ಅಕ್ಕ ಎಲ್ಲರ ಹತ್ತಿರವೂ ಹೇಳಿಕೊಂಡು ನಗುತ್ತಿದ್ದಳು.

ಶೆಡ್ಡಿಗೆ ಬರುತ್ತಿದ್ದದ್ದು ಬೂದು ಬಣ್ಣದ ಸುಣ್ಣಕಲ್ಲು. ಕೊಯ್ದು ಉಜ್ಜಿದರೆ ಕೆಲವು ಚಪ್ಪಡಿಗಳಲ್ಲಿ ಸುರುಳಿ ಸುರುಳಿಯಾದ ಗುರುತುಗಳು ಏಳುತ್ತಿದ್ದವು. ಕೆಲಸದವರು ಅದಕ್ಕೆ ಹುಳು ಅನ್ನುತ್ತಿದ್ದರು, ಹುಳು ಬಿದ್ದ ಕಲ್ಲನ್ನು ಪಕ್ಕಕ್ಕೆ ಒರಗಿಸಿಡುತ್ತಿದ್ದರು. ನಮ್ಮ ಚರ್ಚಿನ ಮುಂಭಾಗದ ನೆಲ, ಜನ ಮೊಣಕಾಲೂರುವ ಜಾಗ, ಬಿರುಕುಬಿಟ್ಟಾಗ ಶೆಡ್ಡಿನ ಮಾಲೀಕ ಹಾಗೆ ಒರಗಿಸಿಟ್ಟಿದ್ದ ಚಪ್ಪಡಿಗಳನ್ನೆಲ್ಲ ದಾನ ಕೊಟ್ಟು ಪುಣ್ಯ ಕಟ್ಟಿಕೊಂಡ. ಹಾಸಿದವರು ಭಾವ. ಹಾಸಿ, ಅಲ್ಲೇ ಕೂತು ಪಾಲಿಶ್ ಮಾಡಿದರು. ಮರುದಿನ ಭಾನುವಾರ ನೋಡಬೇಕಿತ್ತು ನಮ್ಮ ಹೆಂಗಸರನ್ನು. "ಕಲ್ಲಲ್ಲಿ ದೇವರೇ ಹೂವು ಬಿಡಿಸಿದ್ದಾನೆ" ಎಂದು ಬಗ್ಗಿ ಬಗ್ಗಿ ಮುಟ್ಟಿದ್ದೇ ಮುಟ್ಟಿದ್ದು. ಆಗಿದ್ದ ಮುದಿ ಪಾದ್ರಿಗಳು ಆ ಹೂವುಗಳ ಮೇಲೆ ಒಂದು ಉಪದೇಶವನ್ನೇ ಮಾಡಿದರು. ಆಮೇಲೆ ಎಷ್ಟೋ ವರ್ಷ ಅದರ ಮೇಲೆ ಮದುವೆಗಳಾದವು, ಮಕ್ಕಳಿಗೆ ಸ್ನಾನದೀಕ್ಷೆಯಾಯಿತು, ಶವಪೆಟ್ಟಿಗೆಗಳನ್ನು ಇಟ್ಟು ಎತ್ತಿದರು. ಯಾರ ನಂಬಿಕೆಗೂ ಎಳ್ಳಷ್ಟೂ ಪೆಟ್ಟಾಗಲಿಲ್ಲ.

ಅಕ್ಕನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಒಂದು ಹೆಣ್ಣು ಮಗು ಹುಟ್ಟಿತು. ನಡೆಯಲು ಬಂದಾಗಿನಿಂದ ಅಪ್ಪನ ಹಿಂದೆ ಶೆಡ್ಡಿಗೆ ಹೋಗಿ, ಬಾಗಿಲ ಬಳಿಯ ಒಂದು ಚಪ್ಪಡಿಯ ಮೇಲೆ ಕೂರುತ್ತಿತ್ತು. ಆ ಚಪ್ಪಡಿಯಲ್ಲಿ ಅಂಗೈಯಗಲದ ಒಂದು ಸುರುಳಿ. ಬೆರಳನ್ನು ನೀರಿನಲ್ಲಿ ಅದ್ದಿ ಆ ಸುರುಳಿಯನ್ನು ತಿದ್ದುವುದೇ ಅದರ ಆಟ. "ಅಪ್ಪಾ, ಈ ಹುಳುನ ಯಾರು ಮಲಗಿಸಿದ್ದು? ಯಾವಾಗ ಏಳುತ್ತೆ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ಭಾವ ಯಂತ್ರ ನಿಲ್ಲಿಸಿ, ಬಲಗಿವಿ ಅದರ ಕಡೆ ತಿರುಗಿಸಿ, ಹತ್ತು ಸಲವೂ ಕೇಳಿಸಿಕೊಂಡು, "ಗೊತ್ತಿಲ್ಲ ಪುಟ್ಟಾ" ಅನ್ನುತ್ತಿದ್ದರು.

ಐದು ತುಂಬಿದ ವರ್ಷ ಮಗುವಿಗೆ ಜ್ವರ ಬಂದು ಗಂಟಲು ಊದಿಕೊಂಡಿತು. ಅಕ್ಕ ಬೀದಿ ಕೊನೆಯ ಔಷಧಿ ಅಂಗಡಿಗೆ ಹೋದಳು. ಅಂಗಡಿಯವರು ನಮ್ಮ ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬರು, ಜೇನಿನಂಥ ಮಾತು. ಒಂದು ಸಿರಪ್ ಕೊಟ್ಟು, "ಎರಡು ದಿನ ನೋಡಮ್ಮಾ, ಇಳಿಯುತ್ತೆ" ಎಂದರು. ಅಕ್ಕ ಎರಡು ದಿನ ನೋಡಿದಳು. ಮೂರನೇ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚು ಆರಿಸಿ, "ನಿನ್ನೆ ತಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದರು. ಸಂಜೆಯೊಳಗೆ ಎಲ್ಲ ಮುಗಿಯಿತು.

ನಿನ್ನೆ ತಂದಿದ್ದರೆ. ಈ ಎರಡು ಪದ ಅಕ್ಕನ ಕೊರಳಿಗೆ ಗಂಟುಬಿದ್ದವು. ಅದು ಸಾಲದೆಂಬಂತೆ, ಮಣ್ಣು ಮಾಡಿ ಬರುವಾಗ ಒಬ್ಬಾಕೆ ಅಕ್ಕನ ಭುಜ ತಟ್ಟಿ, "ದೇವರು ಕಾರಣ ಇಲ್ಲದೆ ಕಿತ್ಕೊಳ್ಳಲ್ಲ ಕಣಮ್ಮಾ, ನಿನ್ನನ್ನ ನೀನೇ ಶೋಧಿಸ್ಕೋ" ಎಂದಳು. ಸಮಾಧಾನ ಹೇಳುವುದೆಂದರೆ ನಮ್ಮವರಿಗೆ ಇಷ್ಟೇ ಗೊತ್ತು. ಅಕ್ಕ ಶೋಧಿಸಿಕೊಂಡಳು, ಕಾರಣ ಸಿಕ್ಕಿತು. ತಲೆ ಬಾಚುವುದು ಬಿಟ್ಟಳು, ಊಟ ಬಿಟ್ಟಳು. ಕೈಯಲ್ಲಿ ಆ ಖಾಲಿ ಸಿರಪ್ ಬಾಟಲಿ ಹಿಡಿದುಕೊಂಡು, "ನಾನೇ ಕಣೇ ಕೊಂದಿದ್ದು" ಎಂದು ನನಗೆ ದಿನವೂ ಹೇಳುತ್ತಿದ್ದಳು. ನಾನು "ಸುಮ್ನಿರಕ್ಕಾ" ಅನ್ನುತ್ತಿದ್ದೆ.

ಮಗು ಕೂರುತ್ತಿದ್ದ ಚಪ್ಪಡಿಯನ್ನೇ ಭಾವ ಅದರ ಸಮಾಧಿಗೆ ಕಲ್ಲು ಮಾಡಿದರು. ಮೇಲೆ ಆ ಸುರುಳಿ, ಕೆಳಗೆ ಹೆಸರು, ಅದರ ಕೆಳಗೆ ಐದು ವರ್ಷ ಎಂಬ ಲೆಕ್ಕ. ಭಾವನ ಅಕ್ಷರವೆಂದರೆ ಆಳಕ್ಕೆ ಹೆಸರಾಗಿತ್ತು, ನೂರು ವರ್ಷ ಮಳೆ ಬಿದ್ದರೂ ಅಳಿಸುವುದಿಲ್ಲ ಎಂದು ಜನ ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಸ್ವಂತ ಮಗಳ ಹೆಸರಿಗೆ ಮಾತ್ರ ಉಳಿ ಊರಲು ಅವರ ಕೈ ಬರಲಿಲ್ಲ. ಅಕ್ಷರಗಳು ಕಲ್ಲಿನ ಮೇಲೆ ಬೆರಳಿನಿಂದ ಬರೆದಷ್ಟೇ ತೆಳುವಾಗಿದ್ದವು.

ಆ ವರ್ಷವೇ ಸೇತುವೆ ಕೆಲಸಕ್ಕೆ ಕಲ್ಲು ಪರೀಕ್ಷೆ ಮಾಡುವವರೊಬ್ಬರು ಶೆಡ್ಡಿಗೆ ಬಂದರು. ಭೂತಗನ್ನಡಿ ಹಿಡಿದು ನೋಡಿ, "ಇದು ಹುಳು ಅಲ್ಲ ಯಜಮಾನ್ರೇ. ಸಮುದ್ರದ ಪ್ರಾಣಿಯ ಚಿಪ್ಪು. ಹದಿನೈದು ಕೋಟಿ ವರ್ಷ ಆಗಿರಬಹುದು" ಎಂದರು.

"ಮನುಷ್ಯ ಹುಟ್ಟೋಕ್ಕೂ ಮುಂಚೇನಾ?" ಭಾವ ಕೇಳಿದರು.

"ಆಗ ಮನುಷ್ಯನ ಸುಳಿವೇ ಇಲ್ಲ."

ಬೇರೆಯವರಾಗಿದ್ದರೆ ಅಲ್ಲಿಗೆ ಸತ್ಯವೇದವನ್ನು ಮುಚ್ಚಿಡುತ್ತಿದ್ದರು, ಇಲ್ಲವೇ ಬಂದವರನ್ನು ನಾಸ್ತಿಕ ಎಂದು ಬೈದು ಕೈ ತೊಳೆದುಕೊಳ್ಳುತ್ತಿದ್ದರು. ಭಾವನಿಗೆ ಎರಡೂ ಆಗಲಿಲ್ಲ. ಅವರು ಭಾನುವಾರದ ಮಕ್ಕಳ ತರಗತಿಯ ಮೇಷ್ಟ್ರು, ದೇವರು ಆರು ದಿನದಲ್ಲಿ ಲೋಕವನ್ನು ಸೃಷ್ಟಿಸಿದ ಮೊದಲ ಅಧ್ಯಾಯವನ್ನು ಎಷ್ಟೋ ಸಲ ಓದಿ ಹೇಳಿದವರು. ಆರು ದಿನ ಅಂದರೆ ಆರು ದಿನ. ಮೂವತ್ತು ವರ್ಷದಿಂದ ಕಲ್ಲನ್ನೂ ಮುಟ್ಟಿದವರು. ಇಷ್ಟು ಗಟ್ಟಿಯಾದದ್ದು ಒಂದು ವಾರದಲ್ಲಿ ಆಗಿದ್ದಲ್ಲ ಎಂದು ಬೆರಳಿಗೆ ಗೊತ್ತಿತ್ತು. ಒಂದು ವರ್ಷ ಯೋಚಿಸಿದರು. ನಾನು ಅವರ ಮುಖ ನೋಡಿ ಹೊಟ್ಟೆನೋವಿರಬೇಕು ಅಂದುಕೊಂಡಿದ್ದೆ.

ಒಂದು ದಿನ ಅಡುಗೆಮನೆಯಲ್ಲಿ ನಾನು ತರಕಾರಿ ಹೆಚ್ಚುತ್ತಿದ್ದೆ, ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಭಾವ ಕೈಯನ್ನೂ ತೊಳೆಯದೆ ನೇರ ಬಂದು ಅವಳೆದುರು ಕೂತರು.

"ನೋಡು, ಕಲ್ಲಿಗೆ ಆರು ಕೈ ಪಾಲಿಶ್ ಇದೆ. ಯಂತ್ರಕ್ಕೆ ಒರಟು ಬಿಲ್ಲೆ ಹಾಕಿ ಶುರು, ನುಣುಪು ಬಿಲ್ಲೆಯಲ್ಲಿ ಮುಗಿಯೋದು. ಒಂದು ಕೈ ಮುಗೀತು ಅಂತ ನಾನು ಯಾವಾಗ ಹೇಳ್ತೀನಿ? ಗಡಿಯಾರ ನೋಡಿಯಲ್ಲ. ಹಿಂದಿನ ಗೀರು ಪೂರ್ತಿ ಹೋದಾಗ. ಮೆತ್ತಗಿನ ಕಲ್ಲಾದ್ರೆ ಒಂದು ಗಂಟೆ, ಹಟಮಾರಿ ಕಲ್ಲಾದ್ರೆ ಮೂರು ದಿನ. ಆದ್ರೂ ಅದು ಒಂದೇ ಕೈ. ದೇವರೂ ಪ್ರತಿ ದಿನದ ಕೊನೆಗೆ ಏನು ಹೇಳ್ತಾನೆ? ನೋಡಿದೆ, ಚೆನ್ನಾಗಿದೆ ಅಂತಾನೆ. ಅಂದ್ರೆ ಕೆಲಸ ಮುಗಿದಾಗ ದಿನ ಮುಗೀತು. ಸೂರ್ಯನ್ನ ಮಾಡಿದ್ದೇ ನಾಲ್ಕನೇ ದಿನ. ಅದಕ್ಕೆ ಮುಂಚಿನ ಮೂರು ದಿನಕ್ಕೆ ಬೆಳಗು ಬೈಗು ಲೆಕ್ಕ ಹಾಕಿದವರು ಯಾರು?"

ಭಾವ ಇಷ್ಟು ಉದ್ದ ಮಾತಾಡಿದ್ದನ್ನು ನಾವಿಬ್ಬರೂ ಕೇಳಿರಲಿಲ್ಲ.

"ಸಮುದ್ರದ ಜೀವಿಗಳನ್ನ ದೇವರು ಮಾಡಿದ್ದು ಐದನೇ ದಿನ, ಮನುಷ್ಯನ್ನ ಆರನೇ ದಿನ. ಮಗು ಕಲ್ಲಲ್ಲಿರೋ ಆ ಪ್ರಾಣಿ ಐದನೇ ಕೈಯಲ್ಲಿ ಹುಟ್ಟಿ ಐದನೇ ಕೈಯಲ್ಲೇ ಸತ್ತಿದೆ. ಆಗ ಮನುಷ್ಯನೇ ಇಲ್ಲ. ಪಾಪ ಮಾಡೋಕೆ ಯಾರೂ ಇಲ್ಲ. ಆದ್ರೂ ಸತ್ತಿದೆ. ಅಂದ್ರೆ ಎಲ್ಲಾ ಸಾವೂ ಶಿಕ್ಷೆ ಅಲ್ಲ. ಮಗು ಹೋದದ್ದು ನಿನ್ನ ತಪ್ಪಿಗಲ್ಲ."

"ನಿಜವಾಗ್ಲೂ?" ಎಂದಳು ಅಕ್ಕ.

"ಕಲ್ಲು ಸುಳ್ಳು ಹೇಳಲ್ಲ. ಪುಸ್ತಕಾನೂ ಸುಳ್ಳು ಹೇಳಲ್ಲ. ಅವಸರದಲ್ಲಿ ಓದೋರು ನಾವು."

ಅಕ್ಕ ಅತ್ತಳು. ಆಮೇಲೆ ಎದ್ದು ಕೈ ತೊಳೆದು, ತಟ್ಟೆ ಹಾಕಿಕೊಂಡು ಹೊಟ್ಟೆತುಂಬ ಉಂಡಳು. ಸಿರಪ್ ಬಾಟಲಿಯನ್ನು ತಾನೇ ತೆಗೆದುಕೊಂಡು ಹೋಗಿ ಕಸಕ್ಕೆ ಹಾಕಿದಳು. ಅವಳನ್ನು ಆ ದುಃಖದ ಬಾವಿಯಿಂದ ಎತ್ತಿದ್ದು ಯಾವ ಪ್ರಾರ್ಥನೆಯೂ ಅಲ್ಲ, ಆ ಆರು ಕೈ ಪಾಲಿಶ್ ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಹೇಳುತ್ತೇನೆ. ಈಗ ಹೇಳುತ್ತೇನೆ.

ಏಳು ವರ್ಷ ನೆಮ್ಮದಿಯಿಂದ ಕಳೆಯಿತು. ಆಮೇಲೆ ಅಕ್ಕನ ಹೃದಯ ಸೋತಿತು. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಡಾಕ್ಟರು ಹೆಚ್ಚು ದಿನ ಹೇಳಲಿಲ್ಲ. ಅಕ್ಕ ಹೆದರಲೂ ಇಲ್ಲ. "ಅವಳ ಪಕ್ಕದ ಜಾಗ ನನಗೆ ಇಟ್ಟಿದಾರೆ ತಾನೆ? ಅಷ್ಟು ಸಾಕು" ಅನ್ನುತ್ತಿದ್ದಳು. ಇಟ್ಟಿದ್ದರು. ಸಭೆಯ ಸಮಾಧಿ ರಿಜಿಸ್ಟರಿನಲ್ಲಿ ಮಗುವಿನ ಪಕ್ಕದ ಜಾಗ ಅಕ್ಕನ ಹೆಸರಿಗಿತ್ತು. ನನಗೆ ಅದು ಚೆನ್ನಾಗಿ ಗೊತ್ತು, ಸಭೆಯ ಬರವಣಿಗೆಯೆಲ್ಲ ನನ್ನದೇ. ಅಕ್ಷರ ದುಂಡಗಿದೆ ಎಂದು ನನ್ನನ್ನು ಕೂರಿಸಿದ್ದರು.

ಅದೇ ವರ್ಷ ಹೊಸ ಪಾದ್ರಿಗಳು ಬಂದರು. ಚಿಕ್ಕ ವಯಸ್ಸು, ಇಸ್ತ್ರಿ ಮುರಿಯದ ಬಟ್ಟೆ. ಔಷಧಿ ಅಂಗಡಿಯವರು ಅಷ್ಟರಲ್ಲಿ ಹಿರಿಯರಿಗೆಲ್ಲ ಹಿರಿಯರಾಗಿದ್ದರು. ಪಾದ್ರಿಗಳು ಕೆಮ್ಮಬೇಕಾದರೂ ಅವರ ಮುಖ ನೋಡುತ್ತಿದ್ದರು.

ಒಂದು ಭಾನುವಾರ ತರಗತಿಯಲ್ಲಿ ಒಬ್ಬಳು ಹುಡುಗಿ, ಶಾಲೆಯ ಪುಸ್ತಕದಲ್ಲಿ ಭೂಮಿಗೆ ಕೋಟಿಗಟ್ಟಲೆ ವರ್ಷ ಅಂತ ಇದೆ, ಇಲ್ಲಿ ಆರು ದಿನ ಅಂತೀರಿ, ಯಾವುದನ್ನು ಬರೆದರೆ ಮಾರ್ಕ್ಸ್ ಕೊಡುತ್ತಾರೆ ಎಂದು ಕೇಳಿದಳು. ಭಾವ ಮಕ್ಕಳನ್ನೆಲ್ಲ ಚರ್ಚಿನ ಮುಂದಕ್ಕೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆಯಿಂದ ನೆಲ ಒರೆಸಿದರು. ಒದ್ದೆಯಾದರೆ ಸುರುಳಿಗಳು ಈಗ ತಾನೇ ಬರೆದಂತೆ ಎದ್ದು ಕಾಣುತ್ತವೆ. "ಇವು ಹೂವಲ್ಲ. ಸಮುದ್ರದಲ್ಲಿ ಬದುಕಿದ್ದ ಪ್ರಾಣಿಗಳು. ಎರಡೂ ಸರಿ ಮಕ್ಕಳೇ" ಎಂದು ಆರು ಕೈ ಪಾಲಿಶ್ ವಿವರಿಸಿದರು. ಮಕ್ಕಳು ನೆಲದ ಮೇಲೆ ಮಲಗಿ ಎಣಿಸಿದರಂತೆ. ಇನ್ನೂರ ಹದಿಮೂರು.

ಮಧ್ಯಾಹ್ನದೊಳಗೆ ಮನೆಮನೆಗೂ ಸುದ್ದಿ ಮುಟ್ಟಿತು. ಹೂವಾಗಿದ್ದಷ್ಟು ಕಾಲ ದೇವರ ಕೈಕೆಲಸ. ಸತ್ತ ಪ್ರಾಣಿ ಅಂದ ಕೂಡಲೇ ಹೇಸಿಗೆ. ಹೆಂಗಸರು ಮೊಣಕಾಲೂರಲು ಒಲ್ಲೆ ಎಂದರು. ಹೆಣಗಳ ಮೇಲೆ ನಿಂತು ಮದುವೆಯಾದೆವಾ ಎಂದು ಒಬ್ಬಾಕೆ ಗಂಡನ ಜೊತೆ ಜಗಳವಾಡಿದಳು; ಆ ಮದುವೆಯಲ್ಲಿ ಅದಕ್ಕಿಂತ ದೊಡ್ಡ ಐಬುಗಳಿದ್ದವು. ಭಾವನಿಗೆ ಹುಳುಮೇಷ್ಟ್ರು ಎಂಬ ಹೆಸರು ಬಿತ್ತು.

ಗುರುವಾರ ಚರ್ಚಿನ ಪಕ್ಕದ ಕೋಣೆಯಲ್ಲಿ ವಿಚಾರಣೆ. ಪಾದ್ರಿಗಳು, ಔಷಧಿ ಅಂಗಡಿಯವರು, ತಲೆಯಾಡಿಸಲು ಇನ್ನಿಬ್ಬರು, ಬರೆಯಲು ನಾನು. ಭಾವನಿಗೆ ಕುರ್ಚಿ ಹಾಕಿರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಸೂರ್ಯನಿಲ್ಲದ ಮೂರು ದಿನದ ಮಾತು ಬಂದಾಗ ಪಾದ್ರಿಗಳು ಮುಂದಕ್ಕೆ ಬಾಗಿ, "ಅದು ಹೌದಲ್ಲ, ನಮಗೆ ಕಾಲೇಜಲ್ಲೂ ಒಬ್ಬರು..." ಎಂದು ಶುರುಮಾಡಿದರು. ಔಷಧಿ ಅಂಗಡಿಯವರು ಕನ್ನಡಕ ತೆಗೆದು ಒರೆಸಿದರು. ಪಾದ್ರಿಗಳು ಬಾಯಿ ಮುಚ್ಚಿದರು.

"ದಿನದ ಲೆಕ್ಕ ಬಿಡಿ. ಒಂದೇ ಪ್ರಶ್ನೆ" ಎಂದರು ಔಷಧಿ ಅಂಗಡಿಯವರು, ಮೆತ್ತಗೆ. "ಸಾವು ಲೋಕಕ್ಕೆ ಬಂದದ್ದು ಮೊದಲ ಮನುಷ್ಯ ಮಾಡಿದ ಪಾಪದಿಂದ. ಪಾಪಕ್ಕೆ ಮುಂಚೇನೇ ಪ್ರಾಣಿ ಸತ್ತಿದ್ರೆ ನಮ್ಮ ನಂಬಿಕೆಗೆ ಬುಡವೇ ಇಲ್ಲ. ನಿಮಗೆ ಕಲ್ಲೂ ಬೇಕಿಲ್ಲ, ಕೋಟಿ ವರ್ಷವೂ ಬೇಕಿಲ್ಲ. ನಿಮಗೆ ಬೇಕಾಗಿರೋದು ಮಗು ಸತ್ತದ್ದಕ್ಕೆ ಯಾರದ್ದೂ ತಪ್ಪಿಲ್ಲ ಅನ್ನೋ ಮಾತು. ಹೆಂಡತಿಯನ್ನ ಸಮಾಧಾನ ಮಾಡೋಕೆ ದೇವರ ವಾಕ್ಯ ತಿರುಚಿದ್ರಿ. ಹೌದೋ ಅಲ್ವೋ?"

ಭಾವ ಬೆಚ್ಚಿ ಅವರ ಮುಖ ನೋಡಿದರು. ಅಡುಗೆಮನೆಯ ಮಾತು ಇವರಿಗೆ ಹೇಗೆ ಮುಟ್ಟಿತು ಎಂದು ಅವರಿಗೆ ಅರ್ಥವಾಗಲಿಲ್ಲ. ಮುಟ್ಟಿಸಿದವಳು ನಾನು. ಅಕ್ಕನ ಹೃದಯದ ಮಾತ್ರೆ ತರಲು ಹೋದಾಗ, ಅಂಗಡಿ ಕಟ್ಟೆಗೆ ಒರಗಿಕೊಂಡು, ನಮ್ಮ ಭಾವ ಎಷ್ಟು ಬುದ್ಧಿವಂತರು ಗೊತ್ತಾ ಎಂದು ಜಂಬದಿಂದ ಎಲ್ಲವನ್ನೂ ಒದರಿದ್ದೆ. ಅವರು ಮಾತ್ರೆ ಎಣಿಸುತ್ತಾ "ಹೌದಾ, ಹೌದಾ" ಎಂದು ಕೇಳಿಸಿಕೊಂಡಿದ್ದರು. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಎರಡು ದಿನ ನೋಡಿ ಎಂದು ಸಿರಪ್ ಕೊಟ್ಟದ್ದು ಅವರಿಗೆ ನೆನಪಿರಲಿಲ್ಲ. ನಾಟಕವಲ್ಲ, ನಿಜವಾಗಿಯೂ ಮರೆತಿದ್ದರು. ದಿನಕ್ಕೆ ಎಷ್ಟು ಸಿರಪ್ ಕೊಡುತ್ತಾರೋ. ನೆನಪಿದ್ದದ್ದು ನನಗೆ. ಪೆನ್ನು ಕೈಯಲ್ಲಿತ್ತು, ನಾಲಿಗೆಯೂ ಇತ್ತು. ನಾನು ಅವರ ಪ್ರಶ್ನೆಯನ್ನು ದುಂಡಗೆ ಬರೆದುಕೊಂಡೆ.

ಷರತ್ತು ಮೂರು. ಭಾನುವಾರ ಇಡೀ ಸಭೆಯ ಮುಂದೆ, ಪಾಪಕ್ಕೆ ಮುಂಚೆ ಸಾವಿರಲಿಲ್ಲ, ನಾನು ಹೇಳಿದ್ದು ತಪ್ಪು ಎಂದು ಭಾವ ಒಪ್ಪಿಕೊಳ್ಳಬೇಕು. ನೆಲದ ಮೇಲಿನ ಸುರುಳಿಗಳನ್ನೆಲ್ಲ ಸ್ವಂತ ಕೈಯಿಂದ ಉಜ್ಜಿ ತೆಗೆಯಬೇಕು. ಸಮಾಧಿ ನೆಲದಲ್ಲಿ ಸುರುಳಿಯಿರುವ ಕಲ್ಲು ಒಂದೇ ಒಂದಿತ್ತು, ಅದನ್ನೂ ಉಜ್ಜಬೇಕು. ಒಪ್ಪದಿದ್ದರೆ ಕುಟುಂಬದ ಹೆಸರು ಸಭೆಯಿಂದ ಹೊರಗೆ. ಸಭೆಯಲ್ಲಿ ಹೆಸರಿಲ್ಲದವರಿಗೆ ಸಮಾಧಿ ನೆಲದಲ್ಲಿ ಜಾಗವಿಲ್ಲ.

"ಒಪ್ಪಿದ್ರೆ ಮಗು ಪಕ್ಕದ ಜಾಗ ಅವಳಿಗೇ ತಾನೆ?" ಭಾವ ಕೇಳಿದರು.

"ಅವರಿಗೇ."

"ಬರೆದುಕೊಡ್ತೀರಾ?"

ಬರೆದುಕೊಟ್ಟೆವು. ಬರೆದವಳು ನಾನೇ, ಮೊಹರು ಹಾಕಿದವರು ಪಾದ್ರಿಗಳು. ಭಾವ ಕಾಗದವನ್ನು ನಾಲ್ಕಾಗಿ ಮಡಚಿ, ಪುಡಿ ತುಂಬಿದ ಜೇಬಿನಲ್ಲಿಟ್ಟುಕೊಂಡರು. ಅಕ್ಕನಿಗೆ ಈ ಷರತ್ತಿನ ಸಂಗತಿ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಜಾಗ ಹೋಗುತ್ತದೆಂಬ ಹೆದರಿಕೆಗೇ ಅವಳ ಜೀವ ಹೋದೀತು ಎಂದು ಅವರ ಲೆಕ್ಕ. ಅವಳನ್ನು ಭಾನುವಾರ ಮನೆಯಲ್ಲೇ ಇರಿಸಿಕೊ ಎಂದೂ ನನಗೆ ಹೇಳಿದರು.

ಅಕ್ಕ ಯಾರ ಮಾತು ಕೇಳಿದವಳು? ಭಾನುವಾರ ಸೀರೆ ಬದಲಿಸಿ, ನನ್ನ ತೋಳು ಹಿಡಿದುಕೊಂಡು, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಬಂದೇ ಬಂದಳು. ಎರಡನೇ ಬೆಂಚಿನಲ್ಲಿ ಕೂತಳು. ಭಾವ ಮುಂದೆ ಬಂದು ನಿಂತಾಗ ಅವಳನ್ನು ನೋಡಿದರು. ಅಷ್ಟು ಹೊತ್ತಿಗೆ ಓದಬೇಕಾದ ತಪ್ಪೊಪ್ಪಿಗೆಯ ಚೀಟಿ ಕೈಯಲ್ಲಿತ್ತು, ಮಕ್ಕಳನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿಯಾಗಿತ್ತು.

"ಪಾಪಕ್ಕೆ ಮುಂಚೆ ಲೋಕದಲ್ಲಿ ಸಾವಿರಲಿಲ್ಲ" ಎಂದು ಓದಿದರು. "ಎಲ್ಲಾ ಸಾವಿಗೂ ಪಾಪವೇ ಕಾರಣ. ಹಾಗಲ್ಲ ಅಂತ ನಾನು ಹೇಳಿದ್ದು ಸುಳ್ಳು."

"ಸ್ವಲ್ಪ ಜೋರಾಗಿ" ಎಂದರು ಔಷಧಿ ಅಂಗಡಿಯವರು. "ಹಿಂದಿನವರಿಗೆ ಕೇಳಿಸಲಿಲ್ಲ."

ಭಾವ ಇನ್ನೊಂದು ಸಲ, ಜೋರಾಗಿ ಓದಿದರು. ಅಕ್ಕನ ಕೈ ನನ್ನ ಕೈಯೊಳಗಿತ್ತು. ಬಿಡಿಸಿಕೊಂಡಳು.

ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಕ ತಟ್ಟೆ ಮುಟ್ಟಲಿಲ್ಲ. "ಅಡುಗೆಮನೆಯಲ್ಲಿ ಹೇಳಿದ್ದು ನಿಜವೋ, ಇವತ್ತು ಹೇಳಿದ್ದು ನಿಜವೋ?" ಎಂದು ಕೇಳಿದಳು.

"ಅಡುಗೆಮನೆಯಲ್ಲಿ ಹೇಳಿದ್ದು."

"ಹಾಗಾದ್ರೆ ಇವತ್ತು ದೇವರ ಮುಂದೆ ನಿಂತು ಸುಳ್ಳು ಹೇಳಿದ್ರಿ."

"ಹೂಂ."

"ದೇವರ ಮುಂದೆ ಸುಳ್ಳು ಹೇಳೋರು ಹೆಂಡತಿ ಮುಂದೆ ಹೇಳಿರಲ್ಲ ಅಂತ ನಾನು ಹೇಗೆ ನಂಬಲಿ? ಏಳು ವರ್ಷ ನನಗೆ ಮಗೂಗೆ ಹೇಳೋ ಹಾಗೆ ಕಥೆ ಹೇಳಿದ್ರಿ. ನಾನೂ ಕೇಳ್ಕೊಂಡು ಉಂಡೆ."

ಭಾವ ಬಾಯಿ ತೆರೆದರು. ಷರತ್ತಿನ ಮಾತು ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ನಾನಾದರೂ ಹೇಳಬಹುದಿತ್ತು. ಆಣೆ ಮುರಿಯಬಾರದೆಂದು ನನಗೆ ನಾನೇ ಸಬೂಬು ಕೊಟ್ಟುಕೊಂಡೆ. ಹೇಳಿದರೆ ಅಂಗಡಿ ಕಟ್ಟೆಯ ಕಥೆಯೂ ಹೊರಬರುತ್ತಿತ್ತು, ಅದು ನಿಜವಾದ ಕಾರಣ.

ಸೋಮವಾರದಿಂದ ನೆಲ. ಭಾವ ಮೊಣಕಾಲಿಗೆ ಗೋಣಿತಟ್ಟು ಕಟ್ಟಿಕೊಂಡು, ಒರಟು ಬಿಲ್ಲೆ ಹಾಕಿ ತಾವೇ ಮಾಡಿದ ಪಾಲಿಶನ್ನು ತಾವೇ ತೆಗೆದರು. ಚರ್ಚಿನ ತುಂಬ ಬಿಳಿ ಕೆಸರು. ಔಷಧಿ ಅಂಗಡಿಯವರು ಅಂಗಡಿಗೆ ಬೀಗ ಹಾಕಿ ಬಂದು, ಟಾರ್ಚು ಹಿಡಿದು ಹಿಂದೆ ಹಿಂದೆ ನಡೆದರು. "ಇಲ್ಲೊಂದಿದೆ." ಭಾವ ಉಜ್ಜಿದರು. ಅದು ಹೋಯಿತು, ಅಂಗುಲದಾಚೆ ಇನ್ನೊಂದು ಎದ್ದಿತು. "ಅಲ್ಲೂ ಇದೆ ನೋಡಿ." ಅದನ್ನೂ ಉಜ್ಜಿದರು, ಕೆಳಗಿನಿಂದ ಎರಡು ಬಂದವು. ಮೂರನೇ ದಿನಕ್ಕೆ ನೆಲ ತಗ್ಗಾಗಿ ನೀರು ನಿಲ್ಲತೊಡಗಿತು, ಸುರುಳಿಗಳು ಮೊದಲಿಗಿಂತ ಹೆಚ್ಚಾಗಿದ್ದವು. ಔಷಧಿ ಅಂಗಡಿಯವರ ಹಣೆಯಲ್ಲಿ ಬೆವರು.

"ಬೇಕಂತಲೇ ಹೀಗೆ ಮಾಡ್ತಿದೀರಾ?"

"ಇಲ್ಲ ಸರ್" ಎಂದರು ಭಾವ. "ಇದು ಕಲ್ಲೊಳಗೆ ಚಿಪ್ಪು ಸೇರಿರೋದಲ್ಲ. ಚಿಪ್ಪುಗಳೇ ಸೇರಿ ಕಲ್ಲಾಗಿರೋದು. ಎಷ್ಟು ಇಳಿದ್ರೂ ಇವೇ."

ಕೊನೆಗೆ ಸಭೆಯವರು ಒಂದು ಕೆಂಪು ಕಾರ್ಪೆಟ್ ತಂದು ಹಾಸಿದರು. ನಂಬಿಕೆ ಉಳಿಯಿತು. ಕಾರ್ಪೆಟ್ ಹಾಕುವುದಾಗಿದ್ದರೆ ಮೊದಲೇ ಹಾಕಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ. ಮನುಷ್ಯ ಮೂರು ದಿನ ಮೊಣಕಾಲ ಮೇಲಿದ್ದದ್ದು ಅವರಿಗೆ ಬೇಕಾಗಿದ್ದ ಭಾಗ.

ಮಗುವಿನ ಕಲ್ಲಿಗೆ ಕಾರ್ಪೆಟ್ ಹಾಸುವಂತಿರಲಿಲ್ಲ. ಗುರುವಾರ ಬೆಳಿಗ್ಗೆ ಭಾವ ಚಿಕ್ಕ ಯಂತ್ರ ತೆಗೆದುಕೊಂಡು ಹೋದರು. ಸುರುಳಿಯಿರುವಷ್ಟು ಭಾಗ ಮಾತ್ರ ತೆಗೆಯುತ್ತೇನೆ ಎಂದಾಗ ಔಷಧಿ ಅಂಗಡಿಯವರು, "ಗುಂಡಿ ಬಿದ್ರೆ ಇನ್ನೂ ಎದ್ದು ಕಾಣುತ್ತೆ. ಮೇಲಿಂದ ಕೆಳಗೆ ಸಮ ಮಾಡಿ" ಎಂದರು. ಸುರುಳಿ ಕಲ್ಲಿನ ಆಳಕ್ಕಿಳಿದಿತ್ತು, ಹೆಸರು ತೆಳುವಾಗಿ ಮೇಲ್ಮೈಯಲ್ಲೇ ಇತ್ತು. ಎರಡು ನಿಮಿಷಕ್ಕೆ ಹೆಸರು ಹೋಯಿತು, ಅದರ ಹಿಂದೆಯೇ ಐದು ವರ್ಷವೂ ಹೋಯಿತು. ಆ ಚಪ್ಪಡಿಯಲ್ಲಿ ಇದ್ದದ್ದು ಅದೊಂದೇ ಸುರುಳಿ, ಅದು ಹೋಗಲು ಮಧ್ಯಾಹ್ನವಾಯಿತು. ನಾನು ಬೇಲಿ ಪಕ್ಕ ನಿಂತು ನೋಡುತ್ತಿದ್ದೆ. ಯಂತ್ರ ನಿಂತ ಮೇಲೆ ಭಾವ ಬೋಳು ಹೆಬ್ಬೆರಳನ್ನು ಕಲ್ಲಿನ ಮೇಲೆ ಎಳೆದು ನೋಡಿದರು. ಅಲ್ಲಿ ಏನೂ ಸಿಗಲಿಲ್ಲ.

ಹೆಸರನ್ನು ಮತ್ತೆ ಕೆತ್ತಬೇಡಿ ಎಂದು ಯಾರೂ ಹೇಳಿರಲಿಲ್ಲ. ಭಾವ ಎರಡು ಸಲ ಉಳಿ ಹಿಡಿದು ಹೋಗಿ ಕೂತರು, ಎರಡು ಸಲವೂ ಹಾಗೇ ಎದ್ದು ಬಂದರು.

ಅಕ್ಕ ಆಮೇಲೆ ಆರು ವಾರ ಬದುಕಿದಳು. ಮತ್ತೆ ತಲೆ ಬಾಚುವುದು ಬಿಟ್ಟಿದ್ದಳು. ಕೊನೆಯ ವಾರ ನಮ್ಮಿಬ್ಬರನ್ನೂ ಮಂಚದ ಹತ್ತಿರ ಕರೆದಳು.

"ನನ್ನನ್ನ ಮಗು ಪಕ್ಕ ಮಲಗಿಸಬೇಡಿ" ಎಂದಳು.

ಭಾವ ಬಲಗಿವಿ ಹತ್ತಿರ ತಂದರು, ತಪ್ಪು ಕೇಳಿಸಿತೇನೋ ಎಂಬಂತೆ.

"ಕೊಂದವಳನ್ನ ಪಕ್ಕದಲ್ಲಿ ಮಲಗಿಸ್ತಾರಾ? ಅದು ಎದ್ದು ನೋಡಿದ್ರೆ ಹೆದರ್ಕೊಳ್ಳುತ್ತೆ. ದೂರ ಎಲ್ಲಾದ್ರೂ ಹಾಕಿ. ಗೋಡೆ ಹತ್ತಿರ."

ಭಾವ ಜೇಬಿನಿಂದ ಆ ಕಾಗದ ತೆಗೆದರು. ನಾಲ್ಕು ಮಡಿಕೆಯಲ್ಲಿ ಬಿಳಿ ಪುಡಿ ಕೂತಿತ್ತು. ಷರತ್ತು, ವಿಚಾರಣೆ, ಜಾಗ, ಎಲ್ಲವನ್ನೂ ಆಗ ಹೇಳಿದರು. ಒಂದಾದ ಮೇಲೊಂದು, ತೊದಲುತ್ತಾ, ಅಳುತ್ತಾ ಹೇಳಿದರು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. "ಇದೂ ಚೆನ್ನಾಗಿ ಹೇಳ್ತೀರಿ" ಎಂದಳು. ಮಾತು ಮಾತ್ರ ಬದಲಿಸಲಿಲ್ಲ.

ಗೋಡೆಯ ಹತ್ತಿರವೇ ಹೂಳಿದೆವು. ಅವಳ ಕಲ್ಲಿಗೆ ಭಾವ ಸುಣ್ಣಕಲ್ಲು ಮುಟ್ಟಲಿಲ್ಲ, ಹೊರಗಿನಿಂದ ಕಪ್ಪು ಗ್ರಾನೈಟ್ ತರಿಸಿದರು. ಔಷಧಿ ಅಂಗಡಿಯವರು ಬಂದು ನೋಡಿ, "ಈಗ ನೋಡಿ, ಎಷ್ಟು ಶುದ್ಧವಾಗಿದೆ. ಒಂದು ಚುಕ್ಕೆ ಇಲ್ಲ" ಎಂದು ಮೆಚ್ಚಿಕೊಂಡರು.

"ಹೌದು ಸರ್" ಎಂದರು ಭಾವ. "ಇದರೊಳಗೆ ಯಾವತ್ತೂ ಯಾರೂ ಬದುಕಿರಲಿಲ್ಲ."

ಅಂಗಡಿ ಕಟ್ಟೆಯ ಕಥೆಯನ್ನು ನಾನು ಭಾವನಿಗೆ ಹೇಳದೆ ಇಲ್ಲ. ಒಂದು ಸಲ ಹೇಳಿದ್ದೇನೆ. ಶೆಡ್ಡಿನಲ್ಲಿ, ಯಂತ್ರ ಓಡುತ್ತಿದ್ದಾಗ, ಅವರ ಎಡಗಡೆ ಕೂತು ಹೇಳಿದೆ.

ಮಗುವಿನ ಪಕ್ಕದ ಜಾಗ ಖಾಲಿ ಉಳಿಯಿತು. ಮರುವರ್ಷ ಔಷಧಿ ಅಂಗಡಿಯವರ ತಾಯಿ ತೊಂಬತ್ತೆರಡಕ್ಕೆ ತೀರಿಕೊಂಡರು. ಸಮಾಧಿ ನೆಲದಲ್ಲಿ ಗಾಳಿ ಬೆಳಕು ಚೆನ್ನಾಗಿರುವ ಜಾಗ ಅದೊಂದೇ ಎಂದು ಸಮಿತಿ ಒಪ್ಪಿತು. ನಾನು ರಿಜಿಸ್ಟರು ತೆಗೆದು ಅಕ್ಕನ ಹೆಸರಿನ ಮೇಲೆ ಗೆರೆ ಎಳೆದು, ಆ ಮುದುಕಿಯ ಹೆಸರನ್ನು ದುಂಡಗೆ ಬರೆದೆ. ಕಲ್ಲು ಮಾಡಿಸಬೇಕಲ್ಲ, ಊರಲ್ಲಿ ಅಕ್ಷರ ಕೆತ್ತುವವರು ಭಾವ ಒಬ್ಬರೇ. ಹೇಳಿಬರಲು ನನ್ನನ್ನೇ ಕಳಿಸಿದರು.

ಈ ಸಲ ಬಲಗಡೆ ನಿಂತು ಹೇಳಿದೆ. ಯಾರ ಕಲ್ಲು, ಯಾವ ಜಾಗ, ಎಲ್ಲವನ್ನೂ ಹೇಳಿದೆ. ಭಾವ ಯಂತ್ರ ನಿಲ್ಲಿಸಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದೇ ಕಾದೆ.

"ಅಕ್ಷರ ಎಷ್ಟು ಆಳ ಬೇಕಂತೆ?" ಎಂದು ಕೇಳಿದರು.

"ಆಳವಾಗೇ ಇರಲಿ, ಅಳಿಸಬಾರದು ಅಂದ್ರು ಭಾವ" ಎಂದೆ.

ಅವರು ತಲೆಯಾಡಿಸಿ, ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ನೋಡಿ, ಸುತ್ತಿಗೆ ಎತ್ತಿಕೊಂಡರು.